ಮೇನ್‌ಫ್ರೇಮನ್ನು ನಿಲ್ಲಿಸುವ ಕ್ರಮ

ಬ್ಯಾಂಕಿನಂಥ ದೊಡ್ಡ ಸಂಸ್ಥೆಗಳಲ್ಲಿ ದುಡಿಯುವ ದೊಡ್ಡ ಗಣಕವಾದ ಐಬಿಎಂ ಮೇನ್‌ಫ್ರೇಮಿಗೆ ಆಜ್ಞೆ ಕೊಡುವ ಕನ್ಸೋಲಿನ ಮುಂದೆ ಕುಳಿತ ಆಪರೇಟರ್‌ಗೆ ಒಂದು ಪ್ರೋಗ್ರಾಮನ್ನು ಆರಂಭಿಸಲು ‘ಎಸ್’ ಎಂಬ ಒಂದಕ್ಷರ ಸಾಕು. ಅದು ‘ಸ್ಟಾರ್ಟ್’. ‘ಸ್ಟಾಪ್’ಗೆ ಕೊನೆಯ ಅಕ್ಷರವಾದ ‘ಪಿ’, ದಿನದ ಕೆಲಸವೆಲ್ಲ ಮುಗಿಯಿತೆಂದು ಯಂತ್ರಕ್ಕೆ ತಿಳಿಸುವ ‘ಹಾಲ್ಟ್’ಗೆ ‘ಜೆಡ್’. ಮುಂಬೈಯ ಒಂದು ಗಣಕ ಕೇಂದ್ರದಲ್ಲಿ ಸಿಸ್ಟಂ ಪ್ರೋಗ್ರಾಮರ್ ಆಗಿ ಸೇರಿದ ಮೊದಲ ವಾರದಲ್ಲೇ ನಾನು ಈ ಅಕ್ಷರಗಳನ್ನು ಬಾಯಿಪಾಠ ಮಾಡಿದ್ದೆ. ಆದರೆ ಎಸ್ ಒಂದು ಅಪ್ಪಣೆಯಾದರೆ ಪಿ ಬರೀ ಒಂದು ಕೋರಿಕೆ ಎಂಬುದು ತಲೆಗೆ ಹೋಗಲು ವರ್ಷಗಳೇ ಬೇಕಾದವು. ಇವತ್ತಿನ ನನ್ನ ಮಾತೆಲ್ಲ ಆ ವ್ಯತ್ಯಾಸದ ಸುತ್ತಲೇ ಇದೆ.

ಪಿ ಎಂದು ಒತ್ತಿದಾಗ ಆಪರೇಟಿಂಗ್ ಸಿಸ್ಟಂ ಆ ಪ್ರೋಗ್ರಾಮಿನ ಮೈ ಮುಟ್ಟುವುದಿಲ್ಲ. ಮೆಮೊರಿಯಲ್ಲಿ ಈವೆಂಟ್ ಕಂಟ್ರೋಲ್ ಬ್ಲಾಕ್ ಎಂಬ ನಾಲ್ಕು ಬೈಟಿನ ಒಂದು ಜಾಗವಿದೆ. ಅದರೊಳಗಿನ ಒಂದು ಬಿಟ್ ಅನ್ನು ಸೊನ್ನೆಯಿಂದ ಒಂದು ಮಾಡಿ, ‘ನಿನಗೊಂದು ಸಂದೇಶ ಬಂದಿದೆ’ ಎಂದು ತಿಳಿಸಿ ಸುಮ್ಮನಾಗುತ್ತದೆ. ಆ ಬಿಟ್‌ನ ಕಡೆಗೆ ಕಣ್ಣಿಟ್ಟಿರುವ ಕೆಲಸ ಪ್ರೋಗ್ರಾಮಿನದು. ಬರೆದವರು ಅದಕ್ಕೆ ಏರ್ಪಾಟು ಮಾಡಿದ್ದರೆ ಪ್ರೋಗ್ರಾಂ ಎಚ್ಚೆತ್ತು, ಸಂದೇಶವನ್ನು ಓದಿ, ಕೈಯಲ್ಲಿರುವ ಕೆಲಸ ಮುಗಿಸಿ, ಕಡತಗಳನ್ನು ಮುಚ್ಚಿ ತಾನಾಗಿ ಹೊರಟುಹೋಗುತ್ತದೆ. ಏರ್ಪಾಟು ಇಲ್ಲದಿದ್ದರೆ ಆಪರೇಟರ್‌ಗೆ ಸಿಗುವುದು ‘ಆಜ್ಞೆ ತಿರಸ್ಕೃತ, ಪ್ರೋಗ್ರಾಂ ಕೆಲಸದಲ್ಲಿದೆ’ ಎಂಬ ಒಂದು ಸಾಲಿನ ಉತ್ತರ. ಇದನ್ನು ನಾನು ಕೊರತೆಯೆಂದು ಹೇಳುತ್ತಿಲ್ಲ. ತನ್ನ ಕೈಯಲ್ಲಿ ಏನಿದೆ, ಯಾವುದು ಅರ್ಧ ಆಗಿದೆ, ಯಾವುದು ಇನ್ನೂ ಡಿಸ್ಕಿಗೆ ಇಳಿದಿಲ್ಲ ಎಂಬುದು ಆ ಪ್ರೋಗ್ರಾಮಿಗೆ ಮಾತ್ರ ಗೊತ್ತು. ಹೊರಗಿನವರು ಅದನ್ನು ಕೇಳಿಕೊಳ್ಳಬಹುದು, ಅದಕ್ಕೆ ಗಡುವು ಹಾಕಬಹುದು, ಕೊನೆಗೆ ಕೊಲ್ಲಲೂಬಹುದು; ಕ್ರಮವಾಗಿ ನಿಲ್ಲಿಸುವುದು ಮಾತ್ರ ಹೊರಗಿನವರಿಂದ ಆಗದ ಕೆಲಸ. ಅದನ್ನು ಪ್ರೋಗ್ರಾಂ ಬರೆಯುವಾಗಲೇ ಅದರೊಳಗೆ ಕೂಡಿಸಿರಬೇಕು.

ಕೇಳಿಕೊಂಡರೂ ನಿಲ್ಲದಿದ್ದರೆ ಮುಂದಿನ ಮೆಟ್ಟಿಲು ‘ಕ್ಯಾನ್ಸಲ್’. ಅದು ಪ್ರೋಗ್ರಾಮನ್ನು 222 ಎಂಬ ಸಂಖ್ಯೆಯ ಅಕಾಲ ಮುಕ್ತಾಯಕ್ಕೆ ಗುರಿಮಾಡುತ್ತದೆ, ಆದರೂ ಅದರ ಚೇತರಿಕೆಯ ಭಾಗಗಳಿಗೆ ಓಡಲು ಅವಕಾಶವಿರುತ್ತದೆ. ಅದಕ್ಕೂ ಬಗ್ಗದಿದ್ದರೆ ‘ಫೋರ್ಸ್’. ಆಗ ಆ ಪ್ರೋಗ್ರಾಂ ವಾಸವಾಗಿದ್ದ ಮೆಮೊರಿಯ ಜಾಗವನ್ನೇ ಕಿತ್ತುಹಾಕಲಾಗುತ್ತದೆ, ಅದರ ಸ್ವಂತ ಚೇತರಿಕೆಯ ಭಾಗಗಳಿಗೆ ಒಂದು ಸಾಲು ಓಡಲೂ ಸಮಯ ಸಿಗುವುದಿಲ್ಲ. ಇಲ್ಲಿರುವ ವಿದ್ಯಾರ್ಥಿಗಳು ಲಿನಕ್ಸ್‌ನಲ್ಲಿ ನಿಲ್ಲೆಂದು ಕೋರುವ ಟರ್ಮ್ ಮತ್ತು ಕೇಳದೆ ಕೊಲ್ಲುವ ಕಿಲ್ ಎಂಬ ಎರಡು ಸಂಕೇತಗಳನ್ನು ಬಳಸಿರುತ್ತೀರಿ. ಎರಡರ ನಡುವೆ, ಲಿನಕ್ಸ್‌ನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಂಡಿ ತಾನಾಗಿ ಕೊಡುವ ಗಡುವು 90 ಸೆಕೆಂಡ್, ಹಲವು ಯಂತ್ರಗಳ ಮೇಲೆ ಪ್ರೋಗ್ರಾಮುಗಳನ್ನು ಓಡಿಸುವ ಕುಬರ್ನೆಟಿಸ್ ಕೊಡುವುದು 30 ಸೆಕೆಂಡ್. ಮೆಟ್ಟಿಲುಗಳು ಅವೇ, ಅಂತರ ಬೇರೆ. ಆ ಮೂವತ್ತು ಸೆಕೆಂಡಿನೊಳಗೆ ನಿಮ್ಮ ಪ್ರೋಗ್ರಾಂ ಏನು ಮಾಡುತ್ತದೆ ಎಂದು ಕೇಳಿದರೆ ಉತ್ತರ ಹೇಳಬಲ್ಲವರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರಿ?

ನಮ್ಮ ಕಡೆಯ ಜೆಂಬರದ, ಅಂದರೆ ಸಮಾರಂಭದ, ಊಟವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಚಪ್ಪರದಡಿಯಲ್ಲಿ ಹಂತಿ (ಊಟದ ಪಂಕ್ತಿ) ಕೂತಾಗಿದೆ, ಎಲೆ ತುಂಬಿದೆ, ಬಡಿಸುವ ಸುದರಿಕೆಯವರು ಓಡಾಡುತ್ತಿದ್ದಾರೆ. ಊಟ ಅರ್ಧ ಕಳೆದ ಮೇಲೆ ಬಂದವರನ್ನು ಆ ಹಂತಿಯ ನಡುವೆ ಕೂರಿಸುವುದಿಲ್ಲ. ‘ಇನ್ನೊಂದು ಹಂತಿಗೆ ಆಯಿತು’ ಎಂದು ಹೊರಗೆ ಕುರ್ಚಿ ತೋರಿಸುತ್ತಾರೆ. ಕೂತವರನ್ನು ಯಾರೂ ಎಬ್ಬಿಸುವುದಿಲ್ಲ. ಮಜ್ಜಿಗೆ ಬಂತೆಂದರೆ ಊಟ ಮುಗಿಯುತ್ತಿದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಒಬ್ಬ ಹಿರಿಯರು ನಿಧಾನವಾಗಿ ಉಣ್ಣುತ್ತಿದ್ದರೆ ಉಳಿದವರು ಕೈ ಒಣಗಿಸಿಕೊಂಡು ಕಾಯುತ್ತಾರೆ, ಎಲ್ಲರೂ ಒಟ್ಟಿಗೇ ಏಳುತ್ತಾರೆ. ಎಲೆ ತೆಗೆದು ನೆಲ ಸಾರಿಸಿದ ಮೇಲೆಯೇ ಮುಂದಿನ ಹಂತಿ. ಹೊಸಬರನ್ನು ತಡೆಯುವುದು, ಕೂತವರಿಗೆ ಮುಗಿಸಲು ಬಿಡುವುದು, ಮುಗಿಯಿತೆಂದು ಖಚಿತಪಡಿಸಿಕೊಳ್ಳುವುದು, ಜಾಗವನ್ನು ಮುಂದಿನವರಿಗೆ ಸಿದ್ಧವಾಗಿ ಬಿಡುವುದು: ಮೇನ್‌ಫ್ರೇಮಿನವರು ‘ಕ್ವಯಸ್’ ಎಂಬ ಒಂದು ಪದದಲ್ಲಿ ಹೇಳುವುದು ಇಷ್ಟನ್ನೇ.

1969ರಲ್ಲಿ ಮಾರುಕಟ್ಟೆಗೆ ಬಂದು ಇಂದಿಗೂ ಬ್ಯಾಂಕುಗಳಲ್ಲಿ ದುಡಿಯುತ್ತಿರುವ ಸಿಐಸಿಎಸ್ ಎಂಬ ವ್ಯವಹಾರ ನಿರ್ವಹಣೆಯ ತಂತ್ರಾಂಶದಲ್ಲಿ ಈ ಹಂತಿಯ ಕ್ರಮವನ್ನು ಅಕ್ಷರಶಃ ಕಾಣಬಹುದು. ಅದರ ಸಾಮಾನ್ಯ ನಿಲುಗಡೆಗೆ ಮೂರು ಘಟ್ಟಗಳಿವೆ. ಮೊದಲ ಘಟ್ಟದಲ್ಲಿ ಟರ್ಮಿನಲ್‌ಗಳಿಂದ ಬರುವ ಹೊಸ ವ್ಯವಹಾರಗಳನ್ನು ತೆಗೆದುಕೊಳ್ಳುವುದಿಲ್ಲ. ನಿಲ್ಲುವ ಹೊತ್ತಿನಲ್ಲೂ ನಡೆಯಲೇಬೇಕಾದ ಕೆಲವನ್ನು ಮೊದಲೇ ಒಂದು ಪಟ್ಟಿಯಲ್ಲಿ ಹೆಸರಿಸಿಟ್ಟಿದ್ದರೆ ಅವಕ್ಕೆ ಮಾತ್ರ ಪ್ರವೇಶ. ಒಳಗಿರುವವು ಮುಗಿಯುವವರೆಗೆ ಕಾಯುತ್ತದೆ. ಎರಡನೆಯ ಘಟ್ಟದಲ್ಲಿ ಬಳಕೆದಾರರ ವ್ಯವಹಾರ ಯಾವುದೂ ಇರುವುದಿಲ್ಲ, ಮನೆಯವರೇ ಬಾಗಿಲು ಕಿಟಕಿ ಮುಚ್ಚುವ ಹೊತ್ತು ಅದು. ಕಟ್ಟಕಡೆಯ ಮೂರನೆಯ ಘಟ್ಟದಲ್ಲಿ ತನ್ನ ಸ್ಥಿತಿಯನ್ನೆಲ್ಲ ಕ್ಯಾಟಲಾಗ್ ಎಂಬ ತನ್ನ ಕಡತದಲ್ಲಿ ಬರೆದಿಟ್ಟು ನಿಲ್ಲುತ್ತದೆ.

ಈ ಕ್ಯಾಟಲಾಗಿನೊಳಗೆ ಒಂದು ಗುರುತು ಇದೆ, ನನಗೆ ಬಹಳ ಇಷ್ಟವಾದ ವಿನ್ಯಾಸ ಅದು. ಸಿಐಸಿಎಸ್ ಬೆಳಿಗ್ಗೆ ಎದ್ದ ತಕ್ಷಣ ಅಲ್ಲಿ ‘ಮುಂದಿನ ಸಲ ತುರ್ತು ಆರಂಭ ಬೇಕು’ ಎಂದು ಬರೆಯುತ್ತದೆ. ಏನೂ ಕೆಟ್ಟಿಲ್ಲ, ಕೆಲಸವೇ ಶುರುವಾಗಿಲ್ಲ, ಆದರೂ ಕೆಟ್ಟದ್ದನ್ನೇ ನಿರೀಕ್ಷಿಸಿ ಬರೆದಿಡುತ್ತದೆ. ರಾತ್ರಿ ಎಲ್ಲ ಮೆಟ್ಟಿಲುಗಳನ್ನೂ ಕ್ರಮವಾಗಿ ಇಳಿದು ಮುಗಿಸಿದಾಗ ಮಾತ್ರ ಅದನ್ನು ಬದಲಿಸಿ ‘ಸಾಮಾನ್ಯ ಆರಂಭ ಸಾಕು’ ಎಂದು ತಿದ್ದುತ್ತದೆ. ನಡುವೆ ವಿದ್ಯುತ್ ಹೋದರೆ ‘ನಾನು ಬಿದ್ದೆ’ ಎಂದು ಬರೆಯಲು ಯಾರಿಗೂ ಸಮಯ ಸಿಗುವುದಿಲ್ಲವಲ್ಲ? ಬರೆಯುವ ಅಗತ್ಯವೇ ಬೀಳದಂತೆ ಮಾಡಿದ್ದಾರೆ. ಲಿನಕ್ಸ್‌ನ ಎಕ್ಸ್ಟ್2 ಕಡತ ವ್ಯವಸ್ಥೆಯೂ ಮೌಂಟ್ ಆದಾಗ, ಅಂದರೆ ಬಳಕೆಗೆ ಜೋಡಿಸಿದಾಗ, ‘ಶುದ್ಧ’ ಎಂಬ ಗುರುತನ್ನು ಅಳಿಸಿ, ಕ್ರಮವಾಗಿ ಬಿಡಿಸಿಕೊಂಡಾಗ ಮತ್ತೆ ಹಾಕುತ್ತದೆ. ನೀವು ಬರೆಯುವ ಯಾವುದೇ ಸರ್ವರ್‌ಗೆ ಇದನ್ನು ಸೇರಿಸಲು ಅರ್ಧ ದಿನದ ಕೆಲಸವೂ ಇಲ್ಲ.

ಒಂದೇ ಪ್ರೋಗ್ರಾಮಿನ ಮಾತು ಇದಾಯಿತು. ಮೇನ್‌ಫ್ರೇಮಿನಲ್ಲಿ ಇಂಥವು ಹತ್ತಾರು ಇರುತ್ತವೆ, ಒಂದರ ಹೆಗಲ ಮೇಲೆ ಇನ್ನೊಂದು. ‘ಯಾವ ಕ್ರಮದಲ್ಲಿ ಆರಂಭಿಸಿದೆವೋ ಅದನ್ನು ತಿರುಗಿಸಿದರೆ ನಿಲ್ಲಿಸುವ ಕ್ರಮ ಬರುತ್ತದೆ’ ಎಂದು ಹೊಸಬರು ಹೇಳುತ್ತಾರೆ. ಮುಕ್ಕಾಲು ಪಾಲು ಅದು ಸರಿ: ಸಿಐಸಿಎಸ್ ಮೊದಲು, ಅದು ಬಳಸುವ ಡಿಬಿ2 ಡೇಟಾಬೇಸ್ ನಂತರ, ನೆಟ್‌ವರ್ಕ್ ಆಮೇಲೆ, ಸರದಿಯಲ್ಲಿ ಓಡುವ ಕೆಲಸಗಳಾದ ಜಾಬ್‌ಗಳನ್ನು ನೋಡಿಕೊಳ್ಳುವ ಜೆಇಎಸ್2 ಕೊನೆಗೆ. ಉಳಿದ ಕಾಲು ಪಾಲಿನಲ್ಲೇ ಪೆಟ್ಟು ಬೀಳುವುದು. ಏಕೆಂದರೆ ಆರಂಭದ ಹೊತ್ತಿನಲ್ಲಿ ಯಾರ ಕೈಯಲ್ಲೂ ಕೆಲಸವಿರುವುದಿಲ್ಲ, ನಿಲ್ಲುವ ಹೊತ್ತಿನಲ್ಲಿ ಎಲ್ಲರ ಕೈಯಲ್ಲೂ ಇರುತ್ತದೆ. ಹೊರಡುವವನಿಗೆ ಬೇಕಾಗುವ ಸಹಾಯ ಬರುವವನಿಗೆ ಬೇಕಾಗುವ ಸಹಾಯಕ್ಕಿಂತ ಬೇರೆ.

1990ರ ದಶಕದಲ್ಲಿ ಐಬಿಎಂ ತನ್ನ ಎಂವಿಎಸ್ ಆಪರೇಟಿಂಗ್ ಸಿಸ್ಟಂನೊಳಗೆ ಯುನಿಕ್ಸ್ ಎಂಬ ಬೇರೊಂದು ಆಪರೇಟಿಂಗ್ ಸಿಸ್ಟಂನ ಸೇವೆಗಳನ್ನು ತಂದಿತು. ಯುನಿಕ್ಸ್ ಪ್ರೋಗ್ರಾಂ ತನ್ನ ಮರಿಯೊಂದನ್ನು ಹುಟ್ಟಿಸುವಾಗ ಅದಕ್ಕೆ ಮೆಮೊರಿಯ ಹೊಸ ಜಾಗ ಬೇಕು. ಅದನ್ನು ಒದಗಿಸಲು ಬಿಪಿಎಕ್ಸ್‌ಎಎಸ್ ಎಂಬ ಪುಟ್ಟ ಸಹಾಯಕರನ್ನು ಮಾಡಿದರು. ಪ್ರತಿ ಸಲ ಹೊಸದಾಗಿ ಹುಟ್ಟಿಸುವ ಖರ್ಚು ಉಳಿಸಲು, ಕೆಲಸ ಮುಗಿದರೂ ಅವು ಮೂವತ್ತು ನಿಮಿಷ ಸುಮ್ಮನೆ ಕಾದು ಕೂರುವ ವ್ಯವಸ್ಥೆ ಇತ್ತು. ವೇಗದ ದೃಷ್ಟಿಯಿಂದ ಒಳ್ಳೆಯ ನಿರ್ಧಾರವೇ. ಆದರೆ ಅವು ಜೆಇಎಸ್2ರ ಅಡಿಯಲ್ಲಿ ಓಡುತ್ತವೆ, ಒಂದೇ ಒಂದು ಕೂತಿದ್ದರೂ ಜೆಇಎಸ್2 ನಿಲ್ಲುವುದಿಲ್ಲ. ಯಂತ್ರದಲ್ಲಿ ಕೆಲಸ ಯಾವುದೂ ಇಲ್ಲ, ಆಪರೇಟರ್ ನಿಲ್ಲಲು ಹೇಳಿದ್ದಾನೆ, ಜೆಇಎಸ್2 ಮಾತ್ರ ‘ಇನ್ನೂ ಯಾರೋ ಇದ್ದಾರೆ’ ಎನ್ನುತ್ತಿದೆ. ಅವುಗಳನ್ನು ಎಬ್ಬಿಸಿ ಕಳುಹಿಸಲೆಂದೇ ಒಂದು ಪ್ರತ್ಯೇಕ ಆಜ್ಞೆ ಬಂತು, ಎಲ್ಲರ ನಿಲುಗಡೆಯ ಪಟ್ಟಿಯಲ್ಲೂ ಹೊಸದೊಂದು ಸಾಲು ಸೇರಿತು. ಹೊಸ ಸೌಕರ್ಯವೊಂದನ್ನು ಕೂಡಿಸುವಾಗ ‘ಇದು ಹೇಗೆ ಓಡುತ್ತದೆ’ ಎಂಬ ಪ್ರಶ್ನೆಯ ಜೊತೆಯಲ್ಲೇ ‘ಇದು ಯಾರನ್ನು ಹೊರಡಲು ಬಿಡುವುದಿಲ್ಲ’ ಎಂದೂ ಕೇಳಬೇಕು ಎಂಬುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಇದು.

ಇನ್ನು ನಾನೇ ಅನುಭವಿಸಿದ ಒಂದು ರಾತ್ರಿ. ಆ ಭಾನುವಾರ ಬೆಳಗಿನ ಆರು ಗಂಟೆಗೆ ಕಟ್ಟಡದ ವಿದ್ಯುತ್ ಫಲಕದ ದುರಸ್ತಿ ನಿಗದಿಯಾಗಿತ್ತು. ನಾಲ್ಕು ಗಂಟೆಗೆ ನಿಲುಗಡೆ ಆರಂಭಿಸಿದೆವು. ಪಟ್ಟಿಯ ಪ್ರಕಾರ ಮೊದಲು ಟೇಪ್ ಡ್ರೈವ್‌ಗಳನ್ನು ಆಫ್‌ಲೈನ್ ಮಾಡಿದೆವು. ಆ ರಾತ್ರಿಯ ಬ್ಯಾಕಪ್ ಮುಗಿದಿತ್ತು, ಟೇಪಿನ ಕೆಲಸ ಇನ್ನಿಲ್ಲ ಎಂಬ ಲೆಕ್ಕಾಚಾರದಿಂದ ಆ ಸಾಲನ್ನು ಬರೆದವನು ನಾನೇ. ಸಿಐಸಿಎಸ್ ಹದಿನೈದು ನಿಮಿಷದಲ್ಲಿ ಸರಿಯಾಗಿ ನಿಂತಿತು. ಡಿಬಿ2ಕ್ಕೆ ‘ಓಡುತ್ತಿರುವವು ಮುಗಿಯಲಿ, ಹೊಸದು ಬೇಡ’ ಎಂಬ ಬಗೆಯ ನಿಲುಗಡೆಯ ಆಜ್ಞೆ ಕೊಟ್ಟೆವು. ಅದು ನಿಲ್ಲಲಿಲ್ಲ. ನೋಡಿದರೆ ಒಂದು ಬ್ಯಾಚ್ ಜಾಬ್ ಒಳಗಿತ್ತು: ಎಲ್ಲ ಉಳಿತಾಯ ಖಾತೆಗಳಿಗೂ ಬಡ್ಡಿ ಸೇರಿಸುವ ಪ್ರೋಗ್ರಾಂ, ರಾತ್ರಿ ಒಂದೂವರೆಯಿಂದ ಓಡುತ್ತಿದೆ, ಅಲ್ಲಿಯವರೆಗೆ ಒಂದೇ ಒಂದು ಕಮಿಟ್ ಮಾಡಿಲ್ಲ, ಅಂದರೆ ಮಾಡಿದ ಬದಲಾವಣೆಯನ್ನು ಒಮ್ಮೆಯೂ ಕಾಯಂಗೊಳಿಸಿಲ್ಲ. ಮೂರು ಗಂಟೆಗಳಷ್ಟು ಬದಲಾವಣೆ ಪೂರ್ತಿ ಗಾಳಿಯಲ್ಲಿ ತೂಗುತ್ತಿತ್ತು.

ನಾಲ್ಕು ನಲವತ್ತರವರೆಗೆ ಕಾದು ಆಪರೇಟರ್ ಅದನ್ನು ಕ್ಯಾನ್ಸಲ್ ಮಾಡಿದರು. ಪರದೆಯ ಮೇಲೆ ಏನೂ ಆಗಲಿಲ್ಲ. ಒಳಗೆ ಮಾತ್ರ ಡಿಬಿ2, ಬದಲಾವಣೆಗಳನ್ನೆಲ್ಲ ಬರೆದಿಡುವ ತನ್ನ ಲಾಗ್ ಅನ್ನು ಹಿಂದಕ್ಕೆ ಓದುತ್ತ, ಮಾಡಿದ ಒಂದೊಂದು ಬದಲಾವಣೆಯನ್ನೂ ಅಳಿಸುತ್ತ ಸಾಗಿತ್ತು. ಮಾಡಲು ಮೂರು ಗಂಟೆ ಹಿಡಿದದ್ದನ್ನು ಬಿಡಿಸಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಐದು ಗಂಟೆಯ ಸುಮಾರಿಗೆ ಡಿಸ್ಕಿನಲ್ಲಿದ್ದ ಲಾಗ್ ಮುಗಿದು, ಅದಕ್ಕಿಂತ ಹಳೆಯ ಭಾಗ ಬೇಕಾಯಿತು. ಅದು ಟೇಪಿಗೆ ಹೋಗಿತ್ತು. ಟೇಪ್ ಹಾಕಿ ಎಂಬ ಸಂದೇಶ ಕನ್ಸೋಲಿನಲ್ಲಿ ನಿಂತಿತ್ತು, ಡ್ರೈವ್‌ಗಳನ್ನು ಆಗಲೇ ನಾವು ಕಳಚಿಟ್ಟಿದ್ದೆವು. ಬೇರೆ ನೂರು ಸಂದೇಶಗಳ ನಡುವೆ ಆ ಒಂದು ಸಾಲನ್ನು ಕಂಡುಹಿಡಿಯಲು ಇಪ್ಪತ್ತು ನಿಮಿಷ ಹೋಯಿತು. ಡ್ರೈವ್‌ಗಳನ್ನು ಮತ್ತೆ ಜೋಡಿಸಿ, ಟೇಪ್ ಹುಡುಕಿ ತಂದು ಹಾಕುವಷ್ಟರಲ್ಲಿ ವಿದ್ಯುತ್ ಕೆಲಸಗಾರರು ಬಾಗಿಲಲ್ಲಿ ನಿಂತಿದ್ದರು. ಆರು ಗಂಟೆಗೆ ಡಿಬಿ2ವನ್ನು ಬಲವಂತವಾಗಿ ಕೊಂದೆವು. ಮಧ್ಯಾಹ್ನ ಯಂತ್ರ ಮತ್ತೆ ಎದ್ದಾಗ ಉಳಿದ ಅಳಿಸುವ ಕೆಲಸವನ್ನು ಪೂರ್ತಿ ಮಾಡಿ ಮುಗಿಸುವವರೆಗೆ ಅದು ಯಾರನ್ನೂ ಒಳಗೆ ಬಿಡಲಿಲ್ಲ. ಕತ್ತಲಾಗುವವರೆಗೆ ನಾವು ಆ ಕೋಣೆಯಿಂದ ಕದಲಲಿಲ್ಲ. ಒಂದು ರೂಪಾಯಿಯೂ ತಪ್ಪಲಿಲ್ಲ, ಅದನ್ನು ಡಿಬಿ2ರ ಹೆಗ್ಗಳಿಕೆಯೆಂದೇ ಹೇಳುತ್ತೇನೆ. ಆದರೆ ನಿಲ್ಲಿಸಲು ಎರಡು ಗಂಟೆ ಸಾಕೆಂದು ಬರೆದುಕೊಟ್ಟಿದ್ದ ನಮ್ಮ ಮಾತು ಉಳಿಯಲಿಲ್ಲ.

ತಪ್ಪನ್ನು ಆಪರೇಟರ್ ತಲೆಗೆ ಕಟ್ಟಲು ಹೊರಟವರಿದ್ದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಬಡ್ಡಿ ಪ್ರೋಗ್ರಾಮನ್ನು ಬರೆದ ದಿನವೇ ಆ ಬೆಳಗಿನ ಪಾಡು ನಿಶ್ಚಯವಾಗಿತ್ತು. ಆಮೇಲೆ ಅದನ್ನು ತಿದ್ದಿದೆವು: ಪ್ರತಿ ಐದುನೂರು ಖಾತೆಗಳಿಗೊಮ್ಮೆ ಕಮಿಟ್, ಎಲ್ಲಿಯವರೆಗೆ ಬಂದೆ ಎಂಬುದನ್ನು ಒಂದು ಟೇಬಲಿನಲ್ಲಿ, ಅದೇ ಕಮಿಟ್‌ನ ಒಳಗೆ ಬರೆಯುವುದು, ಕಮಿಟ್ ಆದೊಡನೆ ‘ನಿಲ್ಲಬೇಕೇ’ ಎಂದು ಒಂದು ಗುರುತನ್ನು ನೋಡುವುದು, ಗುರುತಿದ್ದರೆ ಅಲ್ಲಿಗೇ ಕಡತ ಮುಚ್ಚಿ ಹೊರಡುವುದು, ಮರುದಿನ ಅಲ್ಲಿಂದಲೇ ಮುಂದುವರಿಯುವುದು. ಎಲ್ಲಿಯವರೆಗೆ ಬಂದೆ ಎಂಬುದನ್ನು ಅದೇ ಕಮಿಟ್‌ನೊಳಗೆ ಬರೆಯುವುದು ಬಹಳ ಮುಖ್ಯ. ಬೇರೆಯಾಗಿ ಬರೆದರೆ ನಡುವೆ ಬಿದ್ದಾಗ ಐದುನೂರು ಖಾತೆಗಳಿಗೆ ಎರಡು ಸಲ ಬಡ್ಡಿ ಸೇರುತ್ತದೆ, ಇಲ್ಲವೇ ಸೇರುವುದೇ ಇಲ್ಲ. ಆ ಬಳಿಕ ಆ ಜಾಬ್ ಯಾವ ಕ್ಷಣದಲ್ಲಿ ಕೇಳಿದರೂ ಕೆಲವೇ ಸೆಕೆಂಡುಗಳಲ್ಲಿ ನಿಲ್ಲುತ್ತಿತ್ತು. ಟೇಪ್ ಡ್ರೈವ್‌ಗಳ ಸಾಲು ನಮ್ಮ ಪಟ್ಟಿಯ ಮೊದಲಿನಿಂದ ಕೊನೆಗೆ ಹೋಯಿತು.

ಇಲ್ಲಿ ನ್ಯಾಯವಾದ ಒಂದು ಪ್ರಶ್ನೆ ಏಳುತ್ತದೆ. ಬಿದ್ದರೂ ಒಂದು ರೂಪಾಯಿ ತಪ್ಪುವುದಿಲ್ಲ ಎಂದಾದರೆ ಕ್ರಮವಾಗಿ ನಿಲ್ಲಿಸುವ ತಲೆನೋವು ಏಕೆ? 2003ರಲ್ಲಿ ಜಾರ್ಜ್ ಕ್ಯಾಂಡಿಯಾ ಮತ್ತು ಅರ್ಮಾಂಡೊ ಫಾಕ್ಸ್ ಎಂಬ ಸಂಶೋಧಕರು ಇದನ್ನೇ ಗಂಭೀರವಾಗಿ ವಾದಿಸಿದರು: ತಂತ್ರಾಂಶಕ್ಕೆ ನಿಲ್ಲಲು ಇರುವ ಒಂದೇ ದಾರಿ ಬೀಳುವುದು, ಏಳಲು ಇರುವ ಒಂದೇ ದಾರಿ ಚೇತರಿಸಿಕೊಳ್ಳುವುದು ಎಂದು ಮಾಡಿದರೆ, ಚೇತರಿಕೆಯ ಭಾಗ ದಿನನಿತ್ಯ ಓಡಿ ಗಟ್ಟಿಯಾಗುತ್ತದೆ. ಈ ವಾದದಲ್ಲಿ ಸತ್ವವಿದೆ. ಮದ್ರಾಸ್ ಐಐಟಿಯಲ್ಲಿ ಓದಿದ ಸಿ. ಮೋಹನ್ ಮತ್ತು ಐಬಿಎಂನ ಅವರ ಸಹೋದ್ಯೋಗಿಗಳು 1992ರಲ್ಲಿ ಪ್ರಕಟಿಸಿದ ಏರೀಸ್ ವಿಧಾನ ಆ ಭರವಸೆಗೆ ಬುನಾದಿ ಹಾಕಿತ್ತು: ಮೊದಲು ಲಾಗ್ ಅನ್ನು ಓದಿ ಪರಿಸ್ಥಿತಿ ತಿಳಿದುಕೊಳ್ಳುವುದು, ಆದದ್ದನ್ನೆಲ್ಲ ಮರಳಿ ಮಾಡುವುದು, ಮುಗಿಯದ್ದನ್ನು ಅಳಿಸುವುದು. ಕ್ರಮವಾಗಿ ನಿಲ್ಲಬಲ್ಲ ತಂತ್ರಾಂಶ ಕೂಡ ಒಂದಲ್ಲ ಒಂದು ದಿನ ಬಿದ್ದೇ ಬೀಳುತ್ತದೆ, ಆದ್ದರಿಂದ ಚೇತರಿಕೆ ಬೇಕೇ ಬೇಕು. ಆಷಾಢದಲ್ಲಿ ಸಿಡಿಲು ಬಡಿದು ಕರೆಂಟು ಹೋಗುವ ಊರಿನವರಾದ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಆದರೂ ನಾನು ಎರಡೂ ಬೇಕೆಂಬ ಪಕ್ಷದವನು. ಚೇತರಿಕೆ ದತ್ತಾಂಶವನ್ನು ಉಳಿಸುತ್ತದೆ, ಸಮಯವನ್ನು ಉಳಿಸುವುದಿಲ್ಲ. ಎಷ್ಟು ಹೊತ್ತಿಗೆ ಏಳುತ್ತೇನೆ ಎಂದು ಬಿದ್ದವನು ಹೇಳಲಾರ. 1965ರಲ್ಲಿ ಎಂಐಟಿ, ಬೆಲ್ ಲ್ಯಾಬ್ಸ್, ಜನರಲ್ ಎಲೆಕ್ಟ್ರಿಕ್ ಸೇರಿ ಕೈಗೆತ್ತಿಕೊಂಡ ಮಲ್ಟಿಕ್ಸ್ ಸಿಸ್ಟಂನವರು ಇದನ್ನು ಚೆನ್ನಾಗಿ ತಿಳಿದಿದ್ದರು. ಮಲ್ಟಿಕ್ಸ್‌ನಲ್ಲಿ ಕಡತಗಳೇ ಮೆಮೊರಿಯ ಭಾಗಗಳು. ಯಾವ ಕ್ಷಣದಲ್ಲಿ ನೋಡಿದರೂ ಕೆಲವು ಪುಟಗಳ ತಾಜಾ ರೂಪ ಮುಖ್ಯ ಮೆಮೊರಿಯಲ್ಲಿ ಮಾತ್ರ ಇರುತ್ತಿತ್ತು. ಸಿಸ್ಟಂ ಬಿದ್ದಾಗ ಅದನ್ನು ಹಾಗೆಯೇ ಬಿಟ್ಟು ಹೊಸದಾಗಿ ಎಬ್ಬಿಸುತ್ತಿರಲಿಲ್ಲ. ಬಿದ್ದ ಮೇಲೂ ಓಡಬಲ್ಲ ‘ತುರ್ತು ನಿಲುಗಡೆ’ ಎಂಬ ಸಣ್ಣದೊಂದು ದಾರಿಯನ್ನು ಇಟ್ಟಿದ್ದರು. ಆಪರೇಟರ್ ಅದನ್ನು ಓಡಿಸಿದರೆ ಮೆಮೊರಿಯಲ್ಲಿ ಉಳಿದಿದ್ದ ಪುಟಗಳೆಲ್ಲ ಡಿಸ್ಕಿಗೆ ಇಳಿಯುತ್ತಿದ್ದವು. ಅದೂ ಸೋತರೆ ಮಾತ್ರ ಡಿಸ್ಕುಗಳನ್ನೆಲ್ಲ ಜಾಲಾಡಿ ಸರಿಪಡಿಸುವ ದೀರ್ಘ ಕೆಲಸ. ಸತ್ತ ಸಿಸ್ಟಂಗೂ ಕ್ರಮವಾದ ಒಂದು ವಿದಾಯವನ್ನು ಅವರು ಯೋಚಿಸಿಟ್ಟಿದ್ದರು. ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿದ್ದ ಕೊನೆಯ ಮಲ್ಟಿಕ್ಸ್ 2000ದ ಅಕ್ಟೋಬರ್ 30ರಂದು ಆರಿತು.

ಇನ್ನೊಂದು ಕಾರಣ, ನೆರೆಹೊರೆಯವರದ್ದು. 1990ರಲ್ಲಿ ಸಿಸ್‌ಪ್ಲೆಕ್ಸ್ ಬಂದ ಮೇಲೆ ಹಲವು ಮೇನ್‌ಫ್ರೇಮ್ ಸಿಸ್ಟಂಗಳು ಒಂದೇ ಮನೆಯ ಅಣ್ಣತಮ್ಮಂದಿರಂತೆ ಅವೇ ಡಿಸ್ಕುಗಳನ್ನು ಹಂಚಿಕೊಂಡು ಕೆಲಸ ಮಾಡಲು ತೊಡಗಿದವು. ಪ್ರತಿಯೊಂದೂ ಆಗಾಗ ‘ನಾನಿದ್ದೇನೆ’ ಎಂದು ಒಂದು ಹಂಚಿಕೆಯ ಕಡತದಲ್ಲಿ ಸಮಯ ಬರೆಯುತ್ತಿರಬೇಕು. ಒಂದು ಸಿಸ್ಟಂ ಬರೆಯುವುದನ್ನು ನಿಲ್ಲಿಸಿದರೆ ಉಳಿದವಕ್ಕೆ ಅದು ಸತ್ತಿದೆಯೋ, ಮಂಪರಿನಲ್ಲಿದೆಯೋ ತಿಳಿಯುವ ಬಗೆಯಿಲ್ಲ. ಸತ್ತಿದೆಯೆಂದು ತಿಳಿದು, ಬೇರೆಯವರು ಮುಟ್ಟದಂತೆ ಅದು ದತ್ತಾಂಶಕ್ಕೆ ಹಾಕಿದ್ದ ಬೀಗಗಳನ್ನು ಬಿಚ್ಚಿದ ಮೇಲೆ ಅದು ಎಚ್ಚೆತ್ತು ಒಂದು ಬ್ಲಾಕ್ ಬರೆದರೂ ದತ್ತಾಂಶ ಕೆಡುತ್ತದೆ. ಆದ್ದರಿಂದ ಕನ್ಸೋಲಿನಲ್ಲಿ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ: ಆ ಯಂತ್ರವನ್ನು ನಿಜವಾಗಿ ರೀಸೆಟ್ ಮಾಡಿದ ನಂತರವೇ ‘ಡೌನ್’ ಎಂದು ಉತ್ತರಿಸು. ಹೇಳಿಹೋದ ಸಿಸ್ಟಂನ ವಿಷಯದಲ್ಲಿ ಸತ್ತಿದೆಯೋ ಇಲ್ಲವೋ ಎಂಬ ಅನುಮಾನ ಏಳುವುದಿಲ್ಲ. ಅದು ತನ್ನ ಬೀಗಗಳನ್ನು ತಾನೇ ಬಿಚ್ಚಿಟ್ಟು, ಗುಂಪಿನಿಂದ ಹೆಸರು ತೆಗೆಸಿಕೊಂಡು ಹೋಗಿರುತ್ತದೆ, ಉಳಿದವು ಅದರ ಬೀಗಗಳಿಗಾಗಿ ಕಾಯಬೇಕಾಗಿಲ್ಲ. ಹಲವು ಡಿಬಿ2ಗಳು ಒಂದೇ ದತ್ತಾಂಶವನ್ನು ಹಂಚಿಕೊಂಡಿದ್ದಾಗ, ಬಿದ್ದ ಸದಸ್ಯನ ಬೀಗಗಳು ಅದು ಮತ್ತೆ ಎದ್ದು ಬಿಚ್ಚುವವರೆಗೆ ಹಾಗೆಯೇ ಉಳಿಯುತ್ತವೆ. ಬೀಗ ಬಿದ್ದ ದತ್ತಾಂಶವನ್ನು ಮುಟ್ಟಬೇಕಾದವರೆಲ್ಲ ಅಲ್ಲಿಯವರೆಗೆ ಹೊರಗೆ.

ಕೊನೆಗೆ ಯಾರು ನಿಲ್ಲಬೇಕು? ಬರೆದಿಡುವವನು. ಸಿಸ್ಟಂ ಲಾಗ್, ಯಾರು ಎಷ್ಟು ಬಳಸಿದರು ಎಂಬ ಎಸ್‌ಎಂಎಫ್ ದಾಖಲೆ, ಯಂತ್ರದ ದೋಷಗಳ ಲಾಗ್‌ರೆಕ್ ಇವೆಲ್ಲ ಉಳಿದವರೆಲ್ಲ ಹೊರಟ ಮೇಲೂ ಎಚ್ಚರವಾಗಿರಬೇಕು. ಹೊರಟವರು ಹೇಗೆ ಹೊರಟರು ಎಂಬುದು ಅವುಗಳಲ್ಲಿ ಮಾತ್ರ ಸಿಗುತ್ತದೆ. ಎಸ್‌ಎಂಎಫ್ ತನ್ನ ದಾಖಲೆಗಳನ್ನು ಮೆಮೊರಿಯಲ್ಲಿ ಗುಡ್ಡೆ ಹಾಕಿಕೊಂಡು ಆಗಾಗ ಡಿಸ್ಕಿಗೆ ಇಳಿಸುವುದರಿಂದ ಕೊನೆಯ ಗುಡ್ಡೆ ಯಾವಾಗಲೂ ಕೈಯಲ್ಲೇ ಉಳಿದಿರುತ್ತದೆ. ನಾನು ಮೊದಲು ಹೇಳಿದ ‘ಜೆಡ್’ ಆಜ್ಞೆ, ಪೂರ್ತಿ ಹೇಳುವುದಾದರೆ ‘ಜೆಡ್ ಇಒಡಿ’ (ಎಂಡ್ ಆಫ್ ಡೇ), ಇರುವುದು ಅದಕ್ಕಾಗಿ.

ಎಲ್ಲ ಸರಿಯಾಗಿ ನಡೆದ ರಾತ್ರಿಯಲ್ಲಿ ಕನ್ಸೋಲ್ ಹೀಗಿರುತ್ತದೆ. ಆಪರೇಟರ್ ಐದೈದು ನಿಮಿಷಕ್ಕೊಮ್ಮೆ ‘ಡಿ ಎ,ಎಲ್’ ಎಂದು ಒತ್ತಿ ಯಾರ್ಯಾರು ಇನ್ನೂ ಇದ್ದಾರೆ ಎಂದು ನೋಡುತ್ತಾರೆ. ಪರದೆ ತುಂಬ ಇದ್ದ ಹೆಸರುಗಳು ಅರ್ಧ ಪರದೆಗೆ ಇಳಿಯುತ್ತವೆ, ಆಮೇಲೆ ನಾಲ್ಕು ಸಾಲಿಗೆ. ಜೆಇಎಸ್2 ‘ಲಭ್ಯವಿರುವ ಕೆಲಸಗಳೆಲ್ಲ ಮುಗಿದವು’ ಎಂದು ತನ್ನ ಒಂದು ಸಾಲನ್ನು ಹಾಕುತ್ತದೆ. ಅದನ್ನು ಕಂಡ ಮೇಲೆ ‘ಡಾಲರ್ ಪಿ ಜೆಇಎಸ್2’. ಅದು ಹೋದ ಮೇಲೆ ‘ಜೆಡ್ ಇಒಡಿ’. ಕೆಲವು ಸೆಕೆಂಡ್ ಏನೂ ಇಲ್ಲ. ಎಸ್‌ಎಂಎಫ್‌ನ ಕೊನೆಯ ಗುಡ್ಡೆ ಇಳಿಯುತ್ತಿರುವ ಹೊತ್ತು ಅದು. ‘ಹಾಲ್ಟ್ ಇಒಡಿ ಯಶಸ್ವಿ’ ಎಂಬ ಸಾಲು ಬಂದದ್ದನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ರಿಜಿಸ್ಟರಿನಲ್ಲಿ ಗಂಟೆ ನಿಮಿಷ ಬರೆಯಬೇಕು ಎಂದು ನಾವು ನಿಯಮ ಮಾಡಿಕೊಂಡಿದ್ದೆವು. ಬರೆದವರ ಸಹಿ ಬಿದ್ದ ಮೇಲೆಯೇ ವಿದ್ಯುತ್ ಕೋಣೆಯ ಬೀಗದ ಕೈಯನ್ನು ಎಲೆಕ್ಟ್ರಿಷಿಯನ್‌ಗೆ ಕೊಡುತ್ತಿದ್ದೆವು.